ಅಕೇಡಿಯಾಗೆ ಹೊರಡೋ ಮುಂಚೆ ಸಮುದ್ರದ ಟೈಮ್ ಕೇಳ್ಕೊಳ್ಳಿ

ಹೋದ ಸಲ ಈ ಅಂಕಣದಲ್ಲಿ ಅಮೆರಿಕದ ಮೇಯ್ನ್ ರಾಜ್ಯದ ಅಕೇಡಿಯಾ ನ್ಯಾಷನಲ್ ಪಾರ್ಕ್ ಬಗ್ಗೆ ನಾಲ್ಕೇ ನಾಲ್ಕು ಸಾಲು ಬರ್ದಿದ್ದೆ. ಅದಕ್ಕೆ ಬಂದ ಪತ್ರ, ಮೆಸೇಜು ನೋಡಿ ಈ ಸಲ ಪೂರ್ತಿ ಜಾಗ ಅದಕ್ಕೇ ಕೊಟ್ಬಿಡೋಣ ಅನ್ನಿಸ್ತು. ಊರಿಂದ ಮಕ್ಕಳ ಮನೆಗೆ ಹೋಗೋ ಅಪ್ಪ ಅಮ್ಮಂದಿರೂ ಬರ್ದಿದಾರೆ, ಅಲ್ಲೇ ಇರೋ ಹುಡುಗರೂ ಬರ್ದಿದಾರೆ. ನಾನಿರೋದು ಬಾಸ್ಟನ್ ಹತ್ರ, ವರ್ಷಕ್ಕೊಂದ್ ಸಲನಾದ್ರೂ ಅಕೇಡಿಯಾಗೆ ಹೋಗ್ಲಿಲ್ಲ ಅಂದ್ರೆ ಏನೋ ಕಳ್ಕೊಂಡ ಹಾಗಾಗತ್ತೆ. ಹಾಗಾಗಿ ಕಂಡಿದ್ದು, ನಡೆದಿದ್ದು, ಒದ್ದೆಯಾಗಿದ್ದು ಎಲ್ಲಾ ಸೇರಿಸಿ ಹೇಳ್ತೀನಿ.

ಪ್ರಶ್ನೆ: ಮಗ ನ್ಯೂಜೆರ್ಸಿಯಲ್ಲಿದಾನೆ, ಆಗಸ್ಟ್‌ನಲ್ಲಿ ನಾನು ನಮ್ಮೆಜಮಾನ್ರು ಹೋಗ್ತಿದೀವಿ. ಅಕೇಡಿಯಾಗೆ ಕರ್ಕೊಂಡು ಹೋಗ್ತೀನಿ, ಎರಡು ದಿನ ಸಾಕು ಅಂತಾನೆ. ನನಗೆ ಮಂಡಿ ನೋವು ಬೇರೆ. ಅಲ್ಲಿ ಬರೀ ಬೆಟ್ಟ ಹತ್ತೋದೇನಾ? (ಹಾಸನದಿಂದ ಒಬ್ಬ ತಾಯಿ)

ಅಮ್ಮಾ, ಮೊದಲು ಮಗನಿಗೆ ಹೇಳಿ, ಎರಡು ದಿನ ಸಾಲಲ್ಲ. ನ್ಯೂಜೆರ್ಸಿಯಿಂದ ಹೆಚ್ಚು ಕಡಿಮೆ 500 ಮೈಲಿ. ಒಂದೇ ದಿನ ಓಡಿಸ್ಕೊಂಡು ಹೋದ್ರೆ ಎಂಟೊಂಬತ್ತು ಗಂಟೆ ಕಾರಲ್ಲೇ ಕೂತಿರ್ತೀರಿ, ಇಳಿದಾಗ ಆ ಮಂಡಿ ಮಾತೇ ಕೇಳಲ್ಲ. ನಡುವೆ ಬಾಸ್ಟನ್ ಕಡೆ ಒಂದು ರಾತ್ರಿ ತಂಗಿ (ಅಲ್ಲಿಂದ ಮುಂದೆ ಇನ್ನೂ ಐದು ಗಂಟೆ ದಾರಿ ಇದೆ). ಪಾರ್ಕಲ್ಲೇ ಮೂರು ರಾತ್ರಿ ಇಟ್ಕೊಳ್ಳಿ.

ಅಕೇಡಿಯಾದ ಬಹುಪಾಲು ಮೌಂಟ್ ಡೆಸರ್ಟ್ ಅನ್ನೋ ದೊಡ್ಡ ದ್ವೀಪದ ಮೇಲಿದೆ, ಸೇತುವೆ ಇದೆ, ಕಾರಲ್ಲೇ ಹೋಗ್ಬಹುದು. ಡೆಸರ್ಟ್ ಅಂದ ತಕ್ಷಣ ಮರಳುಗಾಡು ಅಂದ್ಕೋಬೇಡಿ. 1604ರಲ್ಲಿ ಫ್ರೆಂಚ್ ನಾವಿಕ ಶಾಂಪ್ಲೇನ್ ಹಡಗಲ್ಲಿ ಬರ್ತಾ ಬೆಟ್ಟದ ತುದಿಗಳೆಲ್ಲ ಮರವಿಲ್ಲದೆ ಬೋಳಾಗಿ ಕಂಡಿದ್ದಕ್ಕೆ ಬೋಳು ಬೆಟ್ಟಗಳ ದ್ವೀಪ ಅನ್ನೋ ಅರ್ಥದಲ್ಲಿ ಆ ಹೆಸರು ಬರ್ಕೊಂಡ. ಅದಕ್ಕೂ ಸಾವಿರಾರು ವರ್ಷ ಮುಂಚಿಂದ ಅಲ್ಲಿ ವಬನಾಕಿ ಜನ ಇದ್ರು, ಈಗಲೂ ಇದಾರೆ, ಅವರ ಬಾಯಲ್ಲಿ ಆ ದ್ವೀಪ ಪೆಮೆಟಿಕ್. ಬಾರ್ ಹಾರ್ಬರ್ ಊರಲ್ಲಿ ಆಬೀ ಮ್ಯೂಸಿಯಂ ಅಂತ ಇದೆ, ಅವರ ಬುಟ್ಟಿ ಹೆಣೆಯೋ ಕೆಲಸ ನೋಡಿದ್ರೆ ನಮ್ಮ ಕಡೆ ಬಿದಿರಿನ ಮೊರ ಹೆಣೆಯೋರ ಕೈ ನೆನಪಾಗತ್ತೆ. ಒಂದು ಗಂಟೆ ಅಲ್ಲಿಗೆ ಕೊಡಿ.

ಮಂಡಿ ನೋವಿದ್ದೋರಿಗೆ ಅಲ್ಲಿ ಎಷ್ಟೊಂದಿದೆ ಗೊತ್ತಾ. 27 ಮೈಲಿಯ ಪಾರ್ಕ್ ಲೂಪ್ ರೋಡ್ ಪೂರ್ತಿ ಕಾರಲ್ಲೇ ಆಗತ್ತೆ, ಬೇಕಾದ ಕಡೆ ಇಳೀತಾ ಹೋಗಿ. ದ್ವೀಪದ ಇನ್ನೊಂದು ಮಗ್ಗುಲಲ್ಲಿ ವಂಡರ್‌ಲ್ಯಾಂಡ್ ಅಂತ ಒಂದು ದಾರಿ ಇದೆ, ಹೋಗಿ ಬಂದ್ರೆ ಒಂದೂವರೆ ಮೈಲಿನೂ ಆಗಲ್ಲ, ಹೆಚ್ಚು ಏರಿಲ್ಲ, ಸ್ಪ್ರೂಸ್ ಮರದ ನೆರಳಲ್ಲಿ ನಡೀತಾ ನಡೀತಾ ಒಮ್ಮೆಲೇ ಸಮುದ್ರ ಎದುರಿಗೆ ಬಂದ್ಬಿಡತ್ತೆ, ನಮ್ಮಮ್ಮನ್ನ ಕರ್ಕೊಂಡು ಹೋದಾಗ ಅವರು ಆ ಬಂಡೆ ಮೇಲೆ ಕೂತೋರು ಒಂದು ಗಂಟೆ ಏಳಲೇ ಇಲ್ಲ. ಜೋರ್ಡನ್ ಪಾಂಡ್ ಅನ್ನೋ ಸರೋವರದ ಸುತ್ತ 3.3 ಮೈಲಿ ದಾರಿ ಇದೆ, ನೀವು ಪೂರ್ತಿ ಸುತ್ತೋಕೆ ಹೋಗ್ಬೇಡಿ, ಪಶ್ಚಿಮದ ಕಡೆ ಕಲ್ಲು, ಕಿರಿದಾದ ಹಲಗೆ ಎಲ್ಲಾ ಇದೆ. ಪೂರ್ವದ ಕಡೆ ಜಲ್ಲಿ ಹಾಕಿದ ನೆಟ್ಟಗಿನ ದಾರಿ, ಆದಷ್ಟು ಹೋಗಿ ವಾಪಸ್ ಬನ್ನಿ. ಕುದುರೆ ಗಾಡಿ ಸವಾರಿನೂ ಇದೆ, ವೈಲ್ಡ್‌ವುಡ್ ಸ್ಟೇಬಲ್ಸ್ ಅನ್ನೋ ಕಡೆಯಿಂದ ಹೊರಡತ್ತೆ, ಮುಂಚೆನೇ ಬುಕ್ ಮಾಡ್ಸಿ.

ದುಡ್ಡಿನ ವಿಷ್ಯ ಒಂದು. ಗಾಡಿಗೆ ಏಳು ದಿನದ ಪಾಸ್ 35 ಡಾಲರ್. ಆದ್ರೆ 2026ರ ಜನವರಿಯಿಂದ ಅಮೆರಿಕದ ನಿವಾಸಿಗಳಲ್ಲದ ದೊಡ್ಡೋರಿಗೆ ಅಕೇಡಿಯಾನೂ ಸೇರಿ 11 ಪಾರ್ಕ್‌ಗಳಲ್ಲಿ ತಲೆಗೆ 100 ಡಾಲರ್ ಜಾಸ್ತಿ ಇಟ್ಟಿದಾರೆ. ನಿವಾಸಿಗಳಲ್ಲದವರಿಗೆ ವರ್ಷದ ಪಾಸ್ 250 ಡಾಲರ್. ಈ ಪ್ರವಾಸದಲ್ಲಿ ಯೆಲ್ಲೋಸ್ಟೋನೋ ಗ್ರ್ಯಾಂಡ್ ಕ್ಯಾನ್ಯನ್ನೋ ಕೂಡ ಇದ್ರೆ ಹೊರಡೋ ಮುಂಚೆ ಮಗನ ಜೊತೆ ಕೂತು ಲೆಕ್ಕ ಹಾಕಿ, ಗೇಟಲ್ಲಿ ನಿಂತು ಹಾಕೋಕೆ ಹೋದ್ರೆ ಇಬ್ಬರಿಗೂ ಬೇಜಾರು. ಈ ದರಗಳು ಬದಲಾಗ್ತಿರತ್ತೆ, ಪಾರ್ಕಿನವರದೇ ಸೈಟಲ್ಲಿ ಒಂದ್ಸಲ ನೋಡ್ಕೊಳ್ಳಿ.

ಪ್ರಶ್ನೆ: ಕ್ಯಾಡಿಲಾಕ್ ಮೌಂಟೇನ್ ಸನ್‌ರೈಸ್‌ಗೆ ಟಿಕೆಟ್ ಸಿಗಲೇ ಇಲ್ಲ ಸರ್. ಇಡೀ ಅಮೆರಿಕದಲ್ಲಿ ಮೊದಲು ಸೂರ್ಯ ಹುಟ್ಟೋದು ಅಲ್ಲೇ ಅಂತೆ, ಅದಿಲ್ಲದೆ ಟ್ರಿಪ್ ವೇಸ್ಟ್ ಅಲ್ವಾ? (ಬಾಸ್ಟನ್‌ನಿಂದ ಒಬ್ಬ ಐಟಿ ಉದ್ಯೋಗಿ)

ಖಂಡಿತಾ ವೇಸ್ಟ್ ಅಲ್ಲ. ಎಲ್ಲಕ್ಕಿಂತ ಮೊದಲು ಆ ಮಾತೇ ಪೂರ್ತಿ ನಿಜ ಅಲ್ಲ. ಕ್ಯಾಡಿಲಾಕ್ ತುದಿಗೆ ದೇಶದ ಮೊದಲ ಬಿಸಿಲು ಬೀಳೋದು ಅಕ್ಟೋಬರ್ ಮೊದಲ ವಾರದಿಂದ ಮಾರ್ಚ್ ಮೊದಲ ವಾರದವರೆಗೆ ಮಾತ್ರ. ಜುಲೈನಲ್ಲಿ ಹೋದ್ರೆ ಸೂರ್ಯ ಈಶಾನ್ಯಕ್ಕೆ ಸರಿದಿರ್ತಾನೆ, ಮೇಯ್ನ್‌ನಲ್ಲೇ ಬೇರೆ ಬೆಟ್ಟಕ್ಕೆ ಮೊದಲು ಕಾಣ್ತಾನೆ. ಬೆಟ್ಟದ ಎತ್ತರ 1,530 ಅಡಿ, ನಮ್ಮ ನಂದಿಬೆಟ್ಟದ ಮೂರನೇ ಒಂದು ಪಾಲೂ ಇಲ್ಲ. ಆದ್ರೆ ಸಮುದ್ರದ ಪಕ್ಕದಲ್ಲೇ ಎದ್ದು ನಿಂತಿರೋದ್ರಿಂದ ಮೇಲೆ ನಿಂತಾಗ ಕೆಳಗಡೆ ದ್ವೀಪಗಳೆಲ್ಲ ಯಾರೋ ಕೈಯಿಂದ ಚೆಲ್ಲಿದ ಹಾಗೆ ಕಾಣತ್ತೆ. ಅದನ್ನ ನೋಡೋಕೆ ಸೂರ್ಯೋದಯನೇ ಆಗ್ಬೇಕು ಅಂತಿಲ್ಲ.

ಟಿಕೆಟ್ ವಿಷ್ಯ ಸರಿಯಾಗಿ ತಿಳ್ಕೊಳ್ಳಿ, ತುಂಬಾ ಜನ ಇಲ್ಲೇ ಎಡವೋದು. ಮೇ ಕೊನೆಯಿಂದ ಅಕ್ಟೋಬರ್ ಕೊನೆವರೆಗೆ ಮೇಲಕ್ಕೆ ಕಾರಲ್ಲಿ ಹೋಗ್ಬೇಕಾದ್ರೆ ಗಾಡಿಗೆ 6 ಡಾಲರ್ ರಿಸರ್ವೇಶನ್ ಬೇಕು, ಪಾರ್ಕ್ ಪಾಸ್ ಬೇರೆ, ಇದು ಬೇರೆ. ಟಿಕೆಟ್‌ಗಳಲ್ಲಿ ನೂರಕ್ಕೆ 30 ಮಾತ್ರ 90 ದಿನ ಮುಂಚೆ ಬಿಡ್ತಾರೆ. ಉಳಿದ 70 ಬಿಡೋದು ಎರಡೇ ದಿನ ಮುಂಚೆ, ಬೆಳಿಗ್ಗೆ 10 ಗಂಟೆಗೆ. ಅಂದ್ರೆ ಮೂರು ತಿಂಗಳು ಮುಂಚೆ ಸಿಗ್ಲಿಲ್ಲ ಅಂತ ಕೈ ಬಿಟ್ಟೋರಿಗೆ ದೊಡ್ಡ ಪಾಲು ಇನ್ನೂ ಬಾಕಿ ಇರತ್ತೆ, ಸರಿಯಾಗಿ ಹತ್ತಕ್ಕೆ ಫೋನ್ ಹಿಡ್ಕೊಂಡು ಕೂತ್ಕೊಳ್ಳಿ. ಅದೂ ಸಿಗ್ಲಿಲ್ವಾ, ನಡೆದು ಹತ್ತೋರಿಗೆ ಯಾವ ರಿಸರ್ವೇಶನ್ನೂ ಬೇಡ. ನಾರ್ತ್ ರಿಡ್ಜ್ ಟ್ರೇಲ್ ಅಂತ ಇದೆ, ಒಂದು ಕಡೆಗೆ 2.2 ಮೈಲಿ, ತಲೆಗೊಂದು ಟಾರ್ಚ್ ಕಟ್ಕೊಂಡು ಕತ್ತಲಲ್ಲೇ ಹೊರಡ್ಬೇಕು ಅಷ್ಟೇ. ಜೂನ್‌ನಲ್ಲಿ ಸೂರ್ಯ ಐದಕ್ಕೂ ಮುಂಚೆನೇ ಬಂದ್ಬಿಡ್ತಾನೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ನನ್ನ ಕೇಳಿದ್ರೆ ಬೇಸಿಗೆಯಲ್ಲಿ ಓಷನ್ ಪಾತ್ ಅನ್ನೋ ಸಮುದ್ರದಂಚಿನ ಕಾಲುದಾರಿಯ ಬಂಡೆಗಳ ಮೇಲೆ ಕೂತು ನೋಡಿ. ಬೆಳಿಗ್ಗೆ ಬೆಳಕು ಬಿದ್ದಾಗ ಅಲ್ಲಿನ ಗ್ರಾನೈಟ್ ಗುಲಾಬಿ ಬಣ್ಣಕ್ಕೆ ತಿರುಗತ್ತೆ, ಹತ್ತು ನಿಮಿಷ ಅಷ್ಟೇ ಇರತ್ತೆ ಆ ಬಣ್ಣ, ಪಕ್ಕದಲ್ಲಿ ಯಾರೂ ಇರಲ್ಲ. ಮೂರು ಸಲ ಕ್ಯಾಡಿಲಾಕ್ ಮೇಲೆ ಜನರ ಮಧ್ಯೆ ಚಳಿಯಲ್ಲಿ ನಿಂತಿದೀನಿ, ಎರಡು ಸಲ ಬರೀ ಮಂಜು. ಓಷನ್ ಪಾತ್ ಮಾತ್ರ ಮಂಜಿದ್ರೂ ಚೆನ್ನಾಗಿರತ್ತೆ, ಅಲೆ ಸದ್ದು ಕೇಳತ್ತಲ್ಲ.

ಪ್ರಶ್ನೆ: ನಾವು ಕಡಲ ತೀರದವರೇ, ನಮ್ಮಲ್ಲಿ ಇಲ್ಲದ ಸಮುದ್ರ ಅಲ್ಲೇನಿದೆ? ದ್ವೀಪಕ್ಕೆ ಸಮುದ್ರದ ನೆಲದ ಮೇಲೇ ನಡ್ಕೊಂಡು ಹೋಗ್ಬಹುದು ಅಂತ ಬರೆದಿದ್ರಿ, ಅದು ಹೇಗೆ? (ಉಡುಪಿಯಿಂದ ಒಬ್ಬ ಓದುಗರು)

ಈ ಪ್ರಶ್ನೆಗೇ ನಾನು ಕಾಯ್ತಿದ್ದೆ. ಅಕೇಡಿಯಾದಲ್ಲಿ ಏನು ನೋಡ್ಬೇಕು ಅಂತ ಎಲ್ರೂ ಕೇಳ್ತಾರೆ, ಎಷ್ಟೊತ್ತಿಗೆ ನೋಡ್ಬೇಕು ಅಂತ ಯಾರೂ ಕೇಳಲ್ಲ. ಅಲ್ಲಿ ಎಲ್ಲಾ ನಿಂತಿರೋದು ಆ ಎಷ್ಟೊತ್ತಿಗೆ ಅನ್ನೋದ್ರ ಮೇಲೇ.

ನಿಮ್ಮ ಮಲ್ಪೆಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ವ್ಯತ್ಯಾಸ ಹೆಚ್ಚು ಕಡಿಮೆ ನಾಲ್ಕೈದು ಅಡಿ. ಬಾರ್ ಹಾರ್ಬರ್‌ನಲ್ಲಿ ಅದು ಹತ್ತರಿಂದ ಹನ್ನೆರಡು ಅಡಿ. ಒಂದು ಮಹಡಿ ಎತ್ತರದಷ್ಟು ನೀರು ದಿನಕ್ಕೆ ಎರಡು ಸಲ ಏರತ್ತೆ, ಎರಡು ಸಲ ಇಳಿಯತ್ತೆ. ಯಾಕೆ ಅಂತೀರಾ, ಮೇಯ್ನ್ ಕೊಲ್ಲಿ ಅನ್ನೋದು ಒಂದು ದೊಡ್ಡ ಹಂಡೆ ಇದ್ದ ಹಾಗೆ. ಹಂಡೆ ನೀರನ್ನ ಸರಿಯಾದ ಲಯದಲ್ಲಿ ಅಲ್ಲಾಡಿಸ್ತಾ ಹೋದ್ರೆ ತುಳುಕಾಟ ಜಾಸ್ತಿ ಆಗ್ತಾ ಹೋಗತ್ತಲ್ಲ, ಹಾಗೇ ಈ ಕೊಲ್ಲಿಯ ಅಳತೆ ಆಳ ಅಟ್ಲಾಂಟಿಕ್‌ನ ಉಬ್ಬರದ ಲಯಕ್ಕೆ ಹತ್ತಿರ ಹತ್ತಿರ ಕೂತ್ಬಿಟ್ಟಿದೆ, ಚಂದ್ರ ಎಳೆದಾಗೆಲ್ಲ ನೀರು ಆ ಲಯಕ್ಕೆ ತೂಗಾಡ್ತಾ ದೊಡ್ಡದಾಗತ್ತೆ. ಇದೇ ಕೊಲ್ಲಿಯ ಒಳತುದಿ, ಕೆನಡಾ ಕಡೆಯ ಫಂಡಿ ಕೊಲ್ಲಿಯಲ್ಲಿ ಅದು 50 ಅಡಿವರೆಗೂ ಹೋಗತ್ತೆ, ಪ್ರಪಂಚದಲ್ಲೇ ಎತ್ತರದ ಉಬ್ಬರ ಅದು.

ಈಗ ದ್ವೀಪಕ್ಕೆ ಬರೋಣ. ಬಾರ್ ಹಾರ್ಬರ್ ಊರಲ್ಲಿ ಬ್ರಿಡ್ಜ್ ಸ್ಟ್ರೀಟ್ ಅಂತ ಒಂದು ರಸ್ತೆ ಇದೆ, ಅದು ನೇರ ಹೋಗಿ ನೀರಿಗೆ ಇಳಿಯತ್ತೆ. ಉಬ್ಬರದಲ್ಲಿ ನೋಡಿದ್ರೆ ಅಲ್ಲಿ ಸಮುದ್ರ, ಆಚೆ ಒಂದು ಕಾಡು ದ್ವೀಪ, ಅದೇ ಬಾರ್ ಐಲೆಂಡ್. ಇಳಿತದಲ್ಲಿ ಬಂದ್ರೆ ನಡುವೆ ಜಲ್ಲಿಯ ಅಗಲವಾದ ದಾರಿ ಬಿದ್ದಿರತ್ತೆ, ಕಪ್ಪೆಚಿಪ್ಪು, ಪಾಚಿ, ಸಣ್ಣ ಏಡಿ, ಎಲ್ಲಾ ತೇವ ತೇವ. ಇಂಥ ದಿಬ್ಬಕ್ಕೆ ಇಂಗ್ಲಿಷ್‌ನಲ್ಲಿ ಬಾರ್ ಅಂತಾರೆ, ಊರಿಗೆ ಬಾರ್ ಹಾರ್ಬರ್ ಅಂತ ಹೆಸರು ಬಂದಿದ್ದೇ ಈ ಜಲ್ಲಿ ದಿಬ್ಬದಿಂದ (1918ರವರೆಗೆ ಊರಿನ ಹೆಸರು ಈಡನ್ ಅಂತ ಇತ್ತು). ಇಳಿತದ ಹೊತ್ತಿಗೆ ಒಂದೂವರೆ ಗಂಟೆ ಹಿಂದೆ, ಒಂದೂವರೆ ಗಂಟೆ ಮುಂದೆ, ಅಷ್ಟೇ ನಿಮಗೆ ಸಿಗೋ ಸಮಯ. ಅದು ಮೀರಿದ್ರೆ ಇನ್ನೊಂದು ಇಳಿತಕ್ಕೆ ಒಂಬತ್ತು ಗಂಟೆ ಆ ದ್ವೀಪದಲ್ಲೇ ಕೂರ್ಬೇಕು.

ಇದನ್ನ ಓದಿ ಹೇಳ್ತಿಲ್ಲ. ಕೆಲವು ವರ್ಷ ಹಿಂದೆ ನಾವು ಎರಡು ಸಂಸಾರ ಸೇರಿ ಹೋಗಿದ್ವಿ. ದಾಟಿ, ದ್ವೀಪದ ಮೇಲೆ ಹತ್ತಿ, ಕಟ್ಕೊಂಡು ಹೋಗಿದ್ದ ಚಿತ್ರಾನ್ನ ಬಿಚ್ಚಿ ಮಾತಾಡ್ತಾ ಕೂತ್ವಿ. ಟೈಮ್ ನೋಡಿದ್ವಿ, ಆದ್ರೆ ಇಳಿತದ ಟೈಮನ್ನ ಹಿಂದಿನ ದಿನದ ಪಟ್ಟಿಯಿಂದ ನೋಡ್ಕೊಂಡು ಬಂದಿದ್ದೆ ನಾನು. ಸಮುದ್ರದ ಗಡಿಯಾರ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯತ್ತೆ, ಅದು ನನ್ನ ಪುಣ್ಯಕ್ಕೆ ನಮ್ಮ ಪರವಾಗಿ ಸರಿದಿತ್ತು. ಆದ್ರೂ ಕೆಳಗೆ ಬಂದು ನೋಡ್ತೀವಿ, ದಾರಿಯ ಎರಡೂ ಬದಿಯಿಂದ ನೀರು ಒಳಗೆ ಒಳಗೆ ಬರ್ತಿದೆ, ಯಾವ ಸದ್ದೂ ಇಲ್ಲ, ಅಲೆನೂ ಇಲ್ಲ, ಸುಮ್ನೆ ಹರಡ್ತಾ ಇದೆ. ಮಗಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಓಡಿದೆ. ಕೊನೆಯ ಮೂವತ್ತು ಅಡಿ ಮಂಡಿ ಮಟ್ಟ ನೀರು, ಕಾಲು ಮರಗಟ್ಟೋ ಚಳಿ. ದಡ ಮುಟ್ಟಿ ಹಿಂದಿರುಗಿ ನೋಡಿದ್ರೆ ಹತ್ತು ನಿಮಿಷದಲ್ಲಿ ದಾರಿ ಇದ್ದ ಗುರುತೂ ಇರ್ಲಿಲ್ಲ. ಆ ದಿಬ್ಬದ ಮೇಲೆ ಕಾರು ನಿಲ್ಲಿಸಿ ನೀರಿಗೆ ಕಳ್ಕೊಳ್ಳೋರು ಪ್ರತಿ ಬೇಸಿಗೆಯಲ್ಲೂ ಇರ್ತಾರೆ, ದಯವಿಟ್ಟು ಗಾಡಿ ಇಳಿಸ್ಲೇಬೇಡಿ.

ಥಂಡರ್ ಹೋಲ್ ಅಂತ ಇನ್ನೊಂದು ಜಾಗ ಕೂಡ ಇದೇ ಗಡಿಯಾರದ್ದು. ಬಂಡೆ ನಡುವೆ ಕಿರಿದಾದ ಸೀಳು, ಒಳಗೆ ಸಣ್ಣ ಗುಹೆ. ಅಲೆ ನುಗ್ಗಿದಾಗ ಒಳಗಿನ ಗಾಳಿ ಸಿಕ್ಕಿಹಾಕ್ಕೊಂಡು ಗುಡುಗಿನ ಹಾಗೆ ಸಿಡಿಯತ್ತೆ. ಇಳಿತದಲ್ಲಿ ಹೋದ್ರೆ ಬರೀ ಗುಳುಗುಳು ಅನ್ನತ್ತೆ, ಇದನ್ನ ನೋಡೋಕೆ ಇಷ್ಟು ದೂರ ಬಂದ್ವಾ ಅಂತ ಬೈಕೊಂಡು ಹೋಗೋರನ್ನ ಎಷ್ಟೋ ಸಲ ನೋಡಿದೀನಿ. ಪೂರ್ತಿ ಉಬ್ಬರಕ್ಕೆ ಒಂದೆರಡು ಗಂಟೆ ಮುಂಚೆ ಹೋಗಿ. ಆದ್ರೆ ಸಮುದ್ರ ಕೆರಳಿದ ದಿನ ದೂರ ನಿಲ್ಲಿ. 2009ರ ಆಗಸ್ಟ್‌ನಲ್ಲಿ ಹರಿಕೇನ್ ಬಿಲ್ ದೂರದಲ್ಲಿ ಹಾದು ಹೋಗ್ತಿದ್ದಾಗ ಅಲೆ ನೋಡೋಕೆ ಅಲ್ಲಿ ನಿಂತಿದ್ದೋರ ಮೇಲೇ ಅಲೆ ಬಂದು ಜನರನ್ನ ಎಳ್ಕೊಂಡು ಹೋಯ್ತು, ಒಂದು ಪುಟ್ಟ ಹುಡುಗಿ ಉಳೀಲಿಲ್ಲ. ಕರಾವಳಿಯವರು ನೀವು, ಕಡಲನ್ನ ಗೌರವದಿಂದ ನೋಡೋದು ನಿಮಗೆ ಹೇಳಿಕೊಡ್ಬೇಕಿಲ್ಲ, ಘಟ್ಟದ ಮೇಲಿನ ನಮ್ಮಂಥೋರಿಗೆ ಹೇಳ್ತಿದೀನಿ.

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್ ಓದ್ತಿದೀನಿ. ಅಲ್ಲಿ ಹಳೇ ಕಲ್ಲಿನ ಸೇತುವೆಗಳಿವೆ ಅಂತ ಕೇಳಿದೀನಿ, ಯಾರು ಕಟ್ಟಿಸಿದ್ದು? (ಶಿವಮೊಗ್ಗದಿಂದ ಒಬ್ಬ ವಿದ್ಯಾರ್ಥಿನಿ)

ಈ ಪಾರ್ಕಿನ ಕಥೆಯಲ್ಲಿ ನಂಗೆ ತುಂಬಾ ಹಿಡಿಸೋ ಭಾಗ ಇದು. ಸಾಮಾನ್ಯವಾಗಿ ಸರ್ಕಾರ ತನ್ನ ಹತ್ರ ಇರೋ ಜಾಗನ ಪಾರ್ಕ್ ಮಾಡತ್ತೆ. ಅಕೇಡಿಯಾದಲ್ಲಿ ಜನ ತಾವೇ ಜಾಗನ ಕೊಂಡು, ಕೂಡಿಸಿ, ಸರ್ಕಾರಕ್ಕೆ ದಾನ ಕೊಟ್ರು. 1901ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್, ಜಾರ್ಜ್ ಡಾರ್ ಅನ್ನೋರು ಸೇರಿ ಒಂದು ಟ್ರಸ್ಟ್ ಮಾಡ್ಕೊಂಡ್ರು, ಒಂದೊಂದೇ ಬೆಟ್ಟ, ಒಂದೊಂದೇ ಕೊಳ ಸೇರಿಸ್ತಾ ಹೋದ್ರು. 1916ರಲ್ಲಿ ಅದು ರಾಷ್ಟ್ರೀಯ ಸ್ಮಾರಕ ಆಯ್ತು, 1919ರಲ್ಲಿ ಲಫಾಯೆಟ್ ನ್ಯಾಷನಲ್ ಪಾರ್ಕ್ ಅಂತ ಆಯ್ತು, ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಅದೇ ಮೊದಲನೇದು. 1929ರಲ್ಲಿ ಈಗಿನ ಹೆಸರು. ಡಾರ್ ಅಂತೂ ತಂದೆ ತಾಯಿಯಿಂದ ಬಂದ ಆಸ್ತಿನೆಲ್ಲ ಇದಕ್ಕೇ ಸುರಿದ್ರು, ಕೊನೆಗಾಲದಲ್ಲಿ ಕಣ್ಣೂ ಹೋಗಿತ್ತು. ತಾನು ಉಳಿಸಿದ ಬೆಟ್ಟ ತನಗೇ ಕಾಣದ ಹಾಗಾಯ್ತಲ್ಲ ಅಂತ ಸಿಯೂರ್ ಡಿ ಮಾಂಟ್ಸ್ ಅನ್ನೋ ಬುಗ್ಗೆ ಹತ್ರ ನಿಂತಾಗೆಲ್ಲ ನಂಗೆ ಮನಸ್ಸು ಭಾರ ಆಗತ್ತೆ.

ನೀವು ಕೇಳಿದ ಸೇತುವೆಗಳು ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಅವರದ್ದು. ಆಗ ದ್ವೀಪಕ್ಕೆ ಮೋಟಾರು ಕಾರು ಬರೋಕೆ ಶುರುವಾಗಿತ್ತು, ಅವರಿಗೆ ಕುದುರೆ ಗಾಡಿ ಇಷ್ಟ. ಹಾಗಾಗಿ 1913ರಿಂದ 1940ರವರೆಗೆ ಕಾರು ಬರಬಾರದ ದಾರಿಗಳನ್ನ ಮಾಡಿಸ್ತಾನೇ ಇದ್ರು. ಪಾರ್ಕ್ ಒಳಗೇ 45 ಮೈಲಿ, ಅದಕ್ಕೆ ಕ್ಯಾರೇಜ್ ರೋಡ್ಸ್ ಅಂತಾರೆ. 17 ಕಲ್ಲಿನ ಸೇತುವೆಗಳಿವೆ, 16ಕ್ಕೆ ಅವರೇ ದುಡ್ಡು ಕೊಟ್ಟಿದ್ದು. ಹಳೇ ಮಾದರಿಯಲ್ಲಿ ಒಡೆದ ಕಲ್ಲನ್ನ ಪದರ ಪದರವಾಗಿ ಹಾಸಿದ ರಸ್ತೆ, ಅಗಲ ಸುಮಾರು 16 ಅಡಿ, ಬದಿಗೆ ನೀರು ಹರಿಯೋಕೆ ಕಲ್ಲಿನ ಮೋರಿ. ನಿಮ್ಮ ಕಡೆ ಮಳೆ ಕಂಡೋರಿಗೆ ಆ ಮೋರಿಗಳ ಬೆಲೆ ಗೊತ್ತಾಗತ್ತೆ. ಬೆಟ್ಟದ ಏರನ್ನ ಕುದುರೆಗೆ ಕಷ್ಟ ಆಗದ ಹಾಗೆ ನಿಧಾನಕ್ಕೆ ತಿರುಗಿಸ್ಕೊಂಡು ಹೋಗಿದಾರೆ. ಕಮರಿ ಬರೋ ಕಡೆ ರಸ್ತೆ ಅಂಚಿಗೆ ದೊಡ್ಡ ದೊಡ್ಡ ಗ್ರಾನೈಟ್ ತುಂಡು ಸಾಲಾಗಿ ನಿಲ್ಲಿಸಿದಾರೆ, ಅಲ್ಲಿನವರು ಅದನ್ನ ರಾಕ್‌ಫೆಲರ್ ಹಲ್ಲು ಅಂತ ಕರೀತಾರೆ. 1917ರ ಕಾಬಲ್‌ಸ್ಟೋನ್ ಸೇತುವೆ ಮೊದಲನೇದು, ಹೊಳೆಯ ಉರುಟು ಕಲ್ಲಿಂದ ಹೊದಿಸಿದ್ದು, ಆಮೇಲಿನವೆಲ್ಲ ಕತ್ತರಿಸಿದ ಗ್ರಾನೈಟ್. ಸೇತುವೆ ಮೇಲೆ ಹಾದು ಹೋಗ್ಬಿಟ್ರೆ ಏನೂ ಗೊತ್ತಾಗಲ್ಲ, ಪಕ್ಕದ ಕಾಲುದಾರಿಲಿ ಕೆಳಗಿಳಿದು ಕಮಾನನ್ನ ಕೆಳಗಿಂದ ನೋಡಿ.

ಸೈಕಲ್ ಬಾಡಿಗೆ ತಗೊಂಡು ಇದರ ಮೇಲೆ ಒಂದು ದಿನ ಪೂರ್ತಿ ಕಳೀಬೇಕು. ಹಾರ್ನ್ ಇಲ್ಲ, ಹೊಗೆ ಇಲ್ಲ. ಕುದುರೆ ಎದುರಿಗೆ ಬಂದ್ರೆ ನಿಂತು ದಾರಿ ಬಿಡಿ, ಅದು ಅಲ್ಲಿನ ಮರ್ಯಾದೆ.

ಪ್ರಶ್ನೆ: ಎಂಟು ಮತ್ತೆ ಹನ್ನೆರಡು ವರ್ಷದ ಮಕ್ಕಳಿದಾರೆ. ಬೀಹೈವ್ ಟ್ರೇಲ್ ವಿಡಿಯೋ ನೋಡಿ ಹೋಗ್ಲೇಬೇಕು ಅಂತ ಹಟ. ಸೇಫಾ? ಬೀಚಲ್ಲಿ ಈಜ್ಬಹುದಾ? (ಕನೆಕ್ಟಿಕಟ್‌ನಿಂದ ಒಬ್ಬ ತಾಯಿ)

ಬೀಹೈವ್ ಬರೀ 520 ಅಡಿ ಎತ್ತರ, ಆದ್ರೆ ಬಂಡೆ ಮುಖಕ್ಕೆ ಕಬ್ಬಿಣದ ಹಿಡಿಕೆ ಹೊಡೆದಿದಾರೆ, ಅದನ್ನ ಹಿಡ್ಕೊಂಡೇ ಹತ್ಬೇಕು, ಪಕ್ಕದಲ್ಲಿ ನೇರ ಕೆಳಕ್ಕೆ. ಹನ್ನೆರಡರ ಮಗುಗೆ ಎತ್ತರದ ಭಯ ಇಲ್ದಿದ್ರೆ ಅಪ್ಪನೋ ಅಮ್ಮನೋ ಒಬ್ರು ಜೊತೇಲಿ ಹೋಗಿ, ಎಂಟರ ಮಗುನ ಕರ್ಕೊಂಡು ಹೋಗ್ಬೇಡಿ ಅಂತ ನನ್ನ ಕಟ್ಟುನಿಟ್ಟಾದ ಮಾತು. ಮಳೆ ಬಿದ್ದು ಬಂಡೆ ಒದ್ದೆ ಇದ್ರೆ ಯಾರೂ ಬೇಡ. ಪ್ರೆಸಿಪೀಸ್ ಅನ್ನೋದು ಇದಕ್ಕಿಂತ ಕಷ್ಟದ್ದು, ಅದನ್ನ ವಸಂತದಿಂದ ಆಗಸ್ಟ್ ಮಧ್ಯದವರೆಗೆ ಸಾಮಾನ್ಯವಾಗಿ ಮುಚ್ಚಿರ್ತಾರೆ, ಪೆರೆಗ್ರಿನ್ ಫಾಲ್ಕನ್ ಅನ್ನೋ ಡೇಗೆ ಹಕ್ಕಿ ಆ ಬಂಡೆ ಮೇಲೆ ಗೂಡು ಕಟ್ಟತ್ತೆ. ಡಿಡಿಟಿ ವಿಷದಿಂದ ಮೊಟ್ಟೆ ಸಿಪ್ಪೆ ತೆಳುವಾಗಿ ಒಂದು ಕಾಲದಲ್ಲಿ ಆ ಹಕ್ಕಿ ಅಲ್ಲಿಂದ ಪೂರ್ತಿ ಮಾಯವಾಗಿತ್ತು, 1991ರಿಂದ ಮತ್ತೆ ಮರಿ ಮಾಡ್ತಿದೆ. ಕೆಳಗೆ ನಿಂತು ದುರ್ಬೀನಲ್ಲಿ ಅದನ್ನ ತೋರಿಸಿ, ಮಕ್ಕಳು ಆ ಹಟ ಮರೀತಾರೆ.

ಚಿಕ್ಕವರಿಗೆ ಬಬಲ್ ರಾಕ್ ಚೆನ್ನ. ಬೆಟ್ಟದ ಅಂಚಿಗೆ ಈಗ್ಲೋ ಆಗ್ಲೋ ಬೀಳೋ ಹಾಗೆ ಒಂದು ದೊಡ್ಡ ಗುಂಡು ಕೂತಿದೆ, ಅದರ ಕಲ್ಲೇ ಬೇರೆ, ಬೆಟ್ಟದ ಕಲ್ಲೇ ಬೇರೆ. ಹಿಮಯುಗದಲ್ಲಿ ಹಿಮನದಿ ಎಷ್ಟೋ ಮೈಲಿ ದೂರದಿಂದ ಹೊತ್ಕೊಂಡು ಬಂದು, ಕರಗಿದಾಗ ಅಲ್ಲೇ ಬಿಟ್ಟು ಹೋಗಿದ್ದು. ತಳ್ಳೋಕೆ ನೋಡದ ಮಗು ನಾನು ನೋಡಿಲ್ಲ.

ಈಜೋದಾದ್ರೆ ಸ್ಯಾಂಡ್ ಬೀಚ್ ನೀರು ನಡುಬೇಸಿಗೆಯಲ್ಲೂ 13 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಕಾಲಿಟ್ಟು ಕಿರುಚಿ ಓಡಿ ಬರೋಕೆ ಸಾಕು. ಎಕೋ ಲೇಕ್‌ಗೆ ಕರ್ಕೊಂಡು ಹೋಗಿ, ಸಿಹಿನೀರು, ಅಷ್ಟು ಚಳಿ ಇರಲ್ಲ. ಜೋರ್ಡನ್ ಪಾಂಡ್‌ನಲ್ಲಿ ಈಜೋ ಹಾಗಿಲ್ಲ, ಅದು ಕುಡಿಯೋ ನೀರು. ಸಂಜೆ ರೂಮಿಗೆ ಬಂದ ಮೇಲೆ ಮಕ್ಕಳ ಕಾಲು, ಕಿವಿ ಹಿಂದೆ, ಕೂದಲು ನೋಡಿ, ಅಲ್ಲಿನ ಉಣ್ಣಿಯಿಂದ ಲೈಮ್ ಕಾಯಿಲೆ ಬರತ್ತೆ.

ಪ್ರಶ್ನೆ: ಶುದ್ಧ ಸಸ್ಯಾಹಾರಿಗಳಿಗೆ ಊಟ ಸಿಗತ್ತಾ? (ಮೈಸೂರಿನಿಂದ)

ಸಿಗತ್ತೆ, ಆದ್ರೆ ಹುಡುಕ್ಬೇಕು. ಊರು ತುಂಬ ಲಾಬ್‌ಸ್ಟರ್. ಪಿಜ್ಜಾ, ಪಾಸ್ತಾ, ಸ್ಯಾಂಡ್‌ವಿಚ್‌ಗೆ ಕೊರತೆ ಇಲ್ಲ. ನಾವು ಅಡುಗೆಮನೆ ಇರೋ ಕಾಟೇಜ್ ಹಿಡಿದು ಚಿಕ್ಕ ಕುಕ್ಕರ್, ಸಾರಿನ ಪುಡಿ, ಉಪ್ಪಿನಕಾಯಿ ತಗೊಂಡೇ ಹೋಗೋದು, ಮಂಜು ಕವಿದ ಸಂಜೆ ಬಿಸಿ ಸಾರನ್ನಕ್ಕೆ ಸಮ ಯಾವುದಿದೆ ಹೇಳಿ. ಜೋರ್ಡನ್ ಪಾಂಡ್ ಹೌಸ್‌ನಲ್ಲಿ ಹುಲ್ಲಿನ ಮೇಲೆ ಟೇಬಲ್ ಹಾಕಿ ಪಾಪೋವರ್ ಅನ್ನೋ ಉಬ್ಬಿದ ಬಿಸಿ ಬ್ರೆಡ್ಡು, ಬೆಣ್ಣೆ, ಜಾಮ್, ಟೀ ಕೊಡ್ತಾರೆ, ನೂರು ವರ್ಷಕ್ಕೂ ಹಿಂದಿನ ಸಂಪ್ರದಾಯ. ಅದು ಉಬ್ಬೋದೇ ಮೊಟ್ಟೆಯಿಂದ, ಮೊಟ್ಟೆ ತಿನ್ನದವರಿಗೆ ಮುಂಚೆನೇ ಹೇಳ್ಬಿಡಿ. ಹಳೇ ಕಟ್ಟಡ 1979ರಲ್ಲಿ ಸುಟ್ಟು ಹೋಯ್ತು, ಈಗಿರೋದು ಹೊಸದು. ಆಗಸ್ಟ್‌ನಲ್ಲಿ ಹೋದ್ರೆ ಮೇಯ್ನ್‌ನ ಸಣ್ಣ ಕಾಡು ಬ್ಲೂಬೆರಿ ರಸ್ತೆ ಬದಿ ಮಾರ್ತಿರ್ತಾರೆ, ಬಿಡ್ಬೇಡಿ.

ಪ್ರಶ್ನೆ: ಯಾವ ತಿಂಗಳು ಒಳ್ಳೇದು? ಎಲೆ ಬಣ್ಣ ನೋಡೋಕೆ ಆಸೆ. (ಟೊರಾಂಟೋದಿಂದ)

ಹಾಗಿದ್ರೆ ಅಕ್ಟೋಬರ್ ಮಧ್ಯ. ಮೇ ಕೊನೆ, ಜೂನ್‌ನಲ್ಲಿ ಕಚ್ಚೋ ಕಪ್ಪು ನೊಣ, ಜೂನ್ ಜುಲೈಗೆ ಮಂಜು, ಜುಲೈ ಆಗಸ್ಟ್‌ನಲ್ಲಿ ಜನವೋ ಜನ. ನಂಗೆ ಇಷ್ಟದ್ದು ಸೆಪ್ಟೆಂಬರ್‌ನ ಎರಡನೇ ಮೂರನೇ ವಾರ.

ಎಲೆ ಬಣ್ಣದ ಹಿಂದೆ ಒಂದು ದುಃಖದ ಕಥೆ ಇದೆ. 1947ರ ಅಕ್ಟೋಬರ್‌ನಲ್ಲಿ ಎಷ್ಟೋ ವಾರ ಮಳೆ ಇಲ್ಲದೆ ಒಣಗಿದ ದ್ವೀಪಕ್ಕೆ ಬೆಂಕಿ ಬಿತ್ತು. 17,000 ಎಕರೆಗೂ ಮೇಲೆ ಸುಟ್ಟಿತು, ಅದರಲ್ಲಿ 10,000ಕ್ಕೂ ಹೆಚ್ಚು ಎಕರೆ ಪಾರ್ಕಿನದ್ದು. ಬಾರ್ ಹಾರ್ಬರ್‌ನ ಶ್ರೀಮಂತರ ಬೇಸಿಗೆ ಬಂಗಲೆಗಳ ಸಾಲೂ ಹೋಯ್ತು, ಸಾಮಾನ್ಯ ಜನರ ಮನೆಗಳಂತೂ ಅದಕ್ಕಿಂತ ಜಾಸ್ತಿ ಹೋದವು. ಕತ್ತಲೆ ಕತ್ತಲೆಯಾಗಿ ಹಸಿರಾಗಿದ್ದ ಸ್ಪ್ರೂಸ್ ಕಾಡು ಬೂದಿಯಾದ ಜಾಗದಲ್ಲಿ ಬಿಸಿಲು ಬಿದ್ದು ಬರ್ಚ್, ಆಸ್ಪೆನ್, ಮೇಪಲ್ ಚಿಗುರಿದ್ವು. ಈಗ ದ್ವೀಪದ ಪೂರ್ವ ಭಾಗದಲ್ಲಿ ನೀವು ನೋಡೋ ಆ ಹಳದಿ ಕೆಂಪೆಲ್ಲ ಬಹುಪಾಲು ಸುಟ್ಟ ನೆಲದ ಮೇಲೆ ಬಂದ ಮರಗಳದ್ದು. ಬೆಂಕಿ ತಾಗದ ಪಶ್ಚಿಮಕ್ಕೆ ಹೋಗಿ ನೋಡಿ, ಅಲ್ಲಿ ಇನ್ನೂ ಹಳೇ ಕಡುಹಸಿರು.

ಅಕ್ಟೋಬರ್ ಮಧ್ಯ ದಾಟಿದ ಮೇಲೆ ಉಚಿತ ಐಲೆಂಡ್ ಎಕ್ಸ್‌ಪ್ಲೋರರ್ ಬಸ್ಸು ನಿಂತು ಹೋಗಿರತ್ತೆ, ಅದನ್ನೂ ನೋಡ್ಕೊಂಡು ಹೊರಡಿ. ಬಸ್ ಇರೋ ತಿಂಗಳಲ್ಲಿ ಹೋಗೋರು ಕಾರು ಬಿಟ್ಟು ಅದರಲ್ಲೇ ಓಡಾಡಿ, ಪಾರ್ಕಿಂಗ್ ಹುಡುಕೋ ಅರ್ಧ ದಿನ ಉಳಿಯತ್ತೆ. ಕ್ಯಾಡಿಲಾಕ್ ತುದಿಗೆ ಮಾತ್ರ ಅದು ಹೋಗಲ್ಲ.

ಪ್ರಶ್ನೆ: ಬಂಡೆ ಮೇಲಿರೋ ಆ ಲೈಟ್‌ಹೌಸ್ ಫೋಟೋ ಎಲ್ಲಿ ತೆಗೀತಾರೆ? (ಕಾಪುವಿನಿಂದ ಒಬ್ಬ ಫೋಟೋಗ್ರಾಫರ್)

ಅದು ಬಾಸ್ ಹಾರ್ಬರ್ ಹೆಡ್ ಲೈಟ್, 1858ರದ್ದು. ನಿಮ್ಮೂರಿನ 1901ರ ದೀಪಸ್ತಂಭದ ಹಾಗೆ ಎತ್ತರವಾಗಿ ಎದ್ದು ನಿಲ್ಲಲ್ಲ, ಗಿಡ್ಡಕ್ಕೆ, ಮನೆಗೆ ಅಂಟ್ಕೊಂಡು, ಬಂಡೆ ಅಂಚಲ್ಲಿ ಕೂತಿದೆ. 2020ರಲ್ಲಿ ಕೋಸ್ಟ್ ಗಾರ್ಡ್‌ನಿಂದ ಪಾರ್ಕಿಗೆ ಬಂತು. ಮೆಟ್ಟಿಲಿಳಿದು ಬಂಡೆ ಮೇಲೆ ಹೋದ್ರೆ ಆ ಫೋಟೋ ಸಿಗತ್ತೆ, ಆದ್ರೆ ಬಂಡೆ ಮೇಲೆ ಕಪ್ಪಗಿರೋ ಕಡೆ ಕಾಲಿಡ್ಬೇಡಿ, ಅದು ಪಾಚಿ, ಎಣ್ಣೆ ಸುರಿದ ಹಾಗೆ ಜಾರತ್ತೆ. ಪಾರ್ಕಿಂಗ್ ಬಹಳ ಕಮ್ಮಿ, ಸೂರ್ಯಾಸ್ತಕ್ಕೆ ಜನ ನುಗ್ತಾರೆ. ಬೆಳಿಗ್ಗೆ ಹೋಗಿ.

ಪ್ರಶ್ನೆ: ಅಲ್ಲಿನ ನುಣ್ಣನೆ ಗುಂಡು ಕಲ್ಲು ಒಂದು ತಂದ್ರೆ ತಪ್ಪಾ? (ಬೆಂಗಳೂರಿನಿಂದ)

ತಪ್ಪು, ಕಾನೂನಿಗೂ ವಿರುದ್ಧ. ಆ ಕಲ್ಲು ಹಾಗೆ ನುಣ್ಣಗಾಗೋಕೆ ಸಾವಿರಾರು ವರ್ಷ ಅಲೆ ತೀಡಿದೆ. ವರ್ಷಕ್ಕೆ ಲಕ್ಷಗಟ್ಟಲೆ ಜನ ಬರೋ ಜಾಗದಲ್ಲಿ ಒಬ್ಬೊಬ್ರು ಒಂದೊಂದು ಎತ್ಕೊಂಡ್ರೆ ಆ ತೀರದಲ್ಲಿ ಉಳಿಯೋದೇನು. ಅಲೆ ಹಿಂದಕ್ಕೆ ಹೋಗುವಾಗ ಆ ಕಲ್ಲುಗಳೆಲ್ಲ ಒಂದರ ಮೇಲೊಂದು ಉರುಳಿ ಕಟಕಟ ಅಂತ ಸದ್ದು ಮಾಡತ್ತೆ, ಅದನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ತನ್ನಿ.

ಪ್ರಶ್ನೆ: ನಮಗೆ ಒಂದೇ ಒಂದು ದಿನ ಇದೆ, ಏನೇನು ನೋಡೋಣ? (ನ್ಯೂಹ್ಯಾಂಪ್‌ಶೈರ್‌ನಿಂದ ನವದಂಪತಿ)

ಒಂದು ದಿನ ಅಂದ್ರೆ ಬೆಳಿಗ್ಗೆ ಓಷನ್ ಪಾತ್, ಮಧ್ಯಾಹ್ನ ಜೋರ್ಡನ್ ಪಾಂಡ್, ಒಂದೆರಡು ಗಂಟೆ ಕ್ಯಾರೇಜ್ ರೋಡ್ ಮೇಲೆ ಸೈಕಲ್. ಬಾರ್ ಐಲೆಂಡು, ಥಂಡರ್ ಹೋಲ್ ಎರಡೂ ಒಂದೇ ದಿನ ಸರಿಯಾದ ಹೊತ್ತಿಗೆ ಸಿಗ್ಬೇಕಾದ್ರೆ ಇಳಿತಕ್ಕೊಂದು, ಉಬ್ಬರಕ್ಕೊಂದು ಅಂತ ಹೊಂದಿಸ್ಬೇಕು. ಇಳಿತ ಮಧ್ಯಾಹ್ನ ಬಂದ್ರೆ ಒಂದು ಥರ, ಬೆಳಿಗ್ಗೆ ಬಂದ್ರೆ ಇನ್ನೊಂದು ಥರ. ಹೋಗೋ ತಾರೀಕು ಬರ್ದು ಕಳ್ಸಿ, ಆ ದಿನದ ಪಟ್ಟಿ ನೋಡಿ ಮೊದಲು ಎಲ್ಲಿ, ಆಮೇಲೆ ಎಲ್ಲಿ ಅಂತ ಹೇಳ್ತೀನಿ. ಬದಲಾಯಿಸೋಕೆ ಒಂದು ಜೊತೆ ಒಣ ಕಾಲುಚೀಲ ಬ್ಯಾಗಲ್ಲಿ ಇಟ್ಕೊಂಡಿರಿ.